ಅರಕೇರಿಯ ಗಂಟು, ವಿಜಯಪುರದ ಸೂಜಿ

ಮಾರ್ಚ್ ತಿಂಗಳ ಬಿಸಿಲು ಏರುವ ಹೊತ್ತಿಗೆ ತಿಕೋಟಾ ಸೀಮೆಯ ದ್ರಾಕ್ಷಿ ಶೆಡ್ಡುಗಳಲ್ಲಿ ಹೆಣ್ಣುಮಕ್ಕಳ ಸಾಲು ಕೂತಿರುತ್ತದೆ. ಮೇಲೆ ಹಸಿರು ನೆರಳುಬಟ್ಟೆ, ಪಕ್ಕದಲ್ಲಿ ಅಂತಸ್ತು ಅಂತಸ್ತಾಗಿ ಹಣ್ಣು ಹರವಿದ ರ‍್ಯಾಕು, ನೆಲದ ತಾಡಪತ್ರಿಯ ಮೇಲೆ ಒಣಗಿದ ದ್ರಾಕ್ಷಿಯ ರಾಶಿ. ಕಡ್ಡಿ ಆರಿಸುವ ಕೈಗಳೂ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಅರಕೇರಿಯಿಂದ, ಅದರ ಸುತ್ತಲಿನ ತಾಂಡಾಗಳಿಂದ ಟಂಟಂ ಹತ್ತಿ ಬಂದವರು ಇವರು. ನಡುವೆ ಐವತ್ತೈದು ದಾಟಿದ ಒಬ್ಬಾಕೆ ಕಂಬಕ್ಕೆ ಬೆನ್ನು ಆನಿಸಿ ಕೂತಿದ್ದಾಳೆ. ಬುತ್ತಿ ಬಿಚ್ಚಿದರೆ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿಬಿಡುತ್ತದೆ. ಪರಕಾರದ ಲಾಡಿ ಹೋದ ದೀಪಾವಳಿಗೆ ಎರಡು ಸುತ್ತು ಬರುತ್ತಿತ್ತು, ಈಗ ಒಂದು ಸುತ್ತಿಗೇ ಎಳೆದು ಕಟ್ಟಬೇಕು. ‘ಮೈ ಬಂದೈತಿ ನೋಡ ಯವ್ವಾ’ ಎಂದು ಪಕ್ಕದವಳು ನಗುತ್ತಾಳೆ. ಮೈ ಎಲ್ಲಿ ಬಂತು? ಕೈಕಾಲು ಕಡ್ಡಿಯಾಗಿವೆ, ಕುತ್ತಿಗೆಯ ಎಲುಬು ಎದ್ದಿವೆ, ಬಂದದ್ದು ಹೊಟ್ಟೆಯೊಂದೇ. ಔಷಧಿ ಅಂಗಡಿಯ ಗ್ಯಾಸಿನ ಗುಳಿಗೆ ತಿಂಗಳುಗಟ್ಟಲೆ ನಡೆದಿದೆ.

ಹೆಸರು ಬೇಡ. ಈಕೆ ಒಬ್ಬಳೇ ಅಲ್ಲ. ಈ ಭಾಗದ ಯಾವ ದೊಡ್ಡಾಸ್ಪತ್ರೆಯ ಸ್ತ್ರೀರೋಗ ವಿಭಾಗದೆದುರು ಕೂತರೂ ಇವಳ ಒಂದಲ್ಲ ಒಂದು ರೂಪ ಕಾಣುತ್ತದೆ. ಅಂಥವರನ್ನೆಲ್ಲ ಕೂಡಿಸಿ ಒಬ್ಬಳನ್ನಾಗಿ ಮಾಡಿಕೊಂಡು ಬರೆಯುತ್ತಿದ್ದೇನೆ.

ಅರಕೇರಿಯವರಿಗೆ ಕಷ್ಟ ಬಂದರೆ ಮೊದಲು ಕಾಲು ಹೊರಳುವುದು ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನ ಕಡೆಗೆ. ಹಾಲುಮತದವರ ದೊಡ್ಡ ದೇವರು. ಡೊಳ್ಳಿನ ಸದ್ದು, ಹಾರುವ ಭಂಡಾರ, ಹಳದಿಯಾದ ಹಣೆಗಳು. ನಮ್ಮಾಕೆಯೂ ಹೋಗಿಬಂದಿದ್ದಾಳೆ, ಭಂಡಾರವನ್ನು ಹೊಟ್ಟೆಗೆ ಸವರಿಕೊಂಡಿದ್ದಾಳೆ. ಮುಂದೊಂದು ದಿನ ಮಗನ ಒತ್ತಾಯಕ್ಕೆ ವಿಜಯಪುರದ ಬಸ್ಸು ಹತ್ತುತ್ತಾಳೆ.

ಮೊದಲೆಲ್ಲ ಈ ಕಡೆಯ ಜನ ದೊಡ್ಡ ಕಾಯಿಲೆ ಎಂದರೆ ಸೊಲ್ಲಾಪುರ ಇಲ್ಲವೇ ಮಿರಜಿನ ಹಾದಿ ಹಿಡಿಯುತ್ತಿದ್ದರು, ಈಗಲೂ ಹಲವರು ಹಿಡಿಯುತ್ತಾರೆ. ಆದರೆ ವಿಜಯಪುರದಲ್ಲಿ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಒಂದು ವ್ಯತ್ಯಾಸ ಆಗಿದೆ. ವೈದ್ಯಕೀಯ ಕಾಲೇಜು ಎಂದರೆ ಬರೀ ಹೆಚ್ಚು ಹಾಸಿಗೆಗಳಲ್ಲ. ಅಲ್ಲೊಂದು ಪೆಥಾಲಜಿ ವಿಭಾಗ ಇರುತ್ತದೆ, ಜೀವಕೋಶ ಓದಬಲ್ಲ ಕಣ್ಣುಗಳಿರುತ್ತವೆ, ಪ್ರಬಂಧಕ್ಕೆ ವಿಷಯ ಹುಡುಕುವ ಎಂ.ಡಿ. ವಿದ್ಯಾರ್ಥಿಗಳಿರುತ್ತಾರೆ. ಅಂಡಾಶಯದ ಗಡ್ಡೆಗೆ ಸೂಜಿ ಹಾಕಿದರೆ ಸಿಗುವ ಉತ್ತರ ಎಷ್ಟು ಸರಿ ಎಂಬುದು ಅಂಥ ಪ್ರಬಂಧಗಳಿಗೆ ಹೇಳಿ ಮಾಡಿಸಿದ ವಿಷಯ.

ಸೋನೋಗ್ರಾಫಿಯ ಚೀಟಿ ಬಂದಿದೆ. ಬಲ ಅಂಡಾಶಯದಿಂದ ಎದ್ದ 12 ಸೆಂ.ಮೀ. ಗಡ್ಡೆ, ಒಳಗೆ ನೀರಿನ ಕೋಣೆಗಳು, ನಡುನಡುವೆ ಗಟ್ಟಿ ಭಾಗ, ಹೊಟ್ಟೆಯ ತುಂಬ ನೀರು. ರಕ್ತದ ಸಿಎ-125 ಎಂಬ ಅಂಕಿ 600. ಅದು 35ರೊಳಗಿರಬೇಕು. ಹಿರಿಯ ಡಾಕ್ಟರ್ ಬಾಯಾರು ಚೀಟಿಯ ಅಂಚಿನಲ್ಲೇ ಪೆನ್ನಿನಿಂದ ಲೆಕ್ಕ ಮಾಡುತ್ತಾರೆ. 1990ರಲ್ಲಿ ಲಂಡನ್ನಿನ ಜೇಕಬ್ಸ್ ಮತ್ತವರ ಸಂಗಡಿಗರು ಕೊಟ್ಟ ಗುಣಾಕಾರ ಅದು: ಸ್ಕ್ಯಾನಿನಲ್ಲಿ ಅನುಮಾನದ ಗುರುತುಗಳು ಎರಡಕ್ಕಿಂತ ಕಡಿಮೆಯಿಲ್ಲದಿದ್ದರೆ 3, ಮುಟ್ಟು ನಿಂತಿದ್ದರೆ 3, ಅದಕ್ಕೆ ಸಿಎ-125ರ ಅಂಕಿ. ಮೂರ್ಮೂರಲ ಒಂಬತ್ತು, ಒಂಬತ್ತಾರಲ ಐವತ್ನಾಲ್ಕು, 5400. ಇನ್ನೂರು ದಾಟಿದರೇ ಎಚ್ಚರ ಎನ್ನುವ ಲೆಕ್ಕವಿದು.

‘ಯವ್ವಾ, ಹೊಟ್ಟ್ಯಾಗಿನ ನೀರು ತಗದು ನೋಡಬೇಕಾಗತೈತಿ. ಗಂಟಿಗೂ ಸಣ್ಣ ಸೂಜಿ ಹಾಕ್ತೀವಿ.’

ಆಕೆ ಮಗನ ಮುಖ ನೋಡಿದಳು. ‘ಬಾಯಾರ, ಸೂಜಿ ಚುಚ್ಚಿದ್ರ ಗಂಟು ಮೈತುಂಬ ಹರಡತೈತಿ ಅಂತಾರಲ್ರಿ. ಖರೇ ಏನ್ರಿ?’

ಇದನ್ನು ಹಳ್ಳಿಯವರ ಅಂಜಿಕೆ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ಈ ಬಾಯಾರು ತಳ್ಳಿಹಾಕಲಿಲ್ಲ. ‘ಕೆಲವು ಗಂಟಿಗೆ ಖರೇನ ಐತಿ. ನಿಮ್ಮದಕ್ಕಲ್ಲ’ ಅಂದರು.

ಈ ಇಡೀ ವಿಷಯದ ತಿರುಳು ಆ ಎರಡು ವಾಕ್ಯಗಳಲ್ಲಿದೆ. ಥೈರಾಯ್ಡಿನ ಗಂಟಿಗೆ, ಮೊಲೆಯ ಗಂಟಿಗೆ, ಕುತ್ತಿಗೆಯ ಗಂಟಿಗೆ ಸೂಜಿ ಹಾಕುವುದು ನಮ್ಮ ಆಸ್ಪತ್ರೆಗಳ ದಿನನಿತ್ಯದ ಕೆಲಸ. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಇದನ್ನು ಬರೆದು ಪ್ರಕಟಿಸಿದರು. ಅವರದು ದಪ್ಪ ಸೂಜಿ. ಆಮೇಲೆ ಸ್ವೀಡನ್ನಿನವರು ಸೂಜಿಯನ್ನು ತೆಳ್ಳಗೆ ಮಾಡಿ, ಒಂದೇ ಕೈಯಿಂದ ಎಳೆಯಬಹುದಾದ ಸಿರಿಂಜಿನ ಹಿಡಿ ಮಾಡಿ, ಇದನ್ನೊಂದು ವಿದ್ಯೆಯಾಗಿ ಬೆಳೆಸಿದರು. ಅಂಡಾಶಯಕ್ಕೂ ಹಾಕಿ ನೋಡಿದವರಲ್ಲಿ ಅವರೇ ಮುಂಚಿನವರು. ಆದರೆ ಅಂಡಾಶಯ ಕುತ್ತಿಗೆಯಲ್ಲಿಲ್ಲ. ಅದು ಕಿಬ್ಬೊಟ್ಟೆಯ ಆಳದಲ್ಲಿ, ಸುತ್ತ ಯಾವ ಗೋಡೆಯೂ ಇಲ್ಲದೆ, ಹೊಟ್ಟೆಯ ಬಯಲಿಗೆ ತೆರೆದುಕೊಂಡು ಕೂತಿದೆ. ಬೆಳೆಯಲು ಜಾಗ ಬೇಕಾದಷ್ಟು, ಆದ್ದರಿಂದಲೇ ತಡವಾಗಿ ಗೊತ್ತಾಗುತ್ತದೆ. ಗಡ್ಡೆ ಕ್ಯಾನ್ಸರಾಗಿದ್ದು ಇನ್ನೂ ತನ್ನ ಹೊದಿಕೆಯೊಳಗೇ ಇದ್ದರೆ ಅದು ಮೊದಲ ಹಂತ, ಇಡಿಯಾಗಿ ತೆಗೆದರೆ ಬದುಕುವ ಅವಕಾಶ ದೊಡ್ಡದು. ಆ ಹೊದಿಕೆಗೆ ತೂತು ಬಿದ್ದು ಒಂದು ಹನಿ ಹೊಟ್ಟೆಯೊಳಗೆ ಸೋರಿದರೂ ಲೆಕ್ಕ ಬದಲಾಗುತ್ತದೆ. ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2014ರ ಹಂತವಿಂಗಡಣೆಯಲ್ಲಿ ಆಪರೇಷನ್ ಹೊತ್ತಿಗೆ ಸೋರಿದ್ದಕ್ಕೆ 1ಸಿ1, ಮೊದಲೇ ಒಡೆದಿದ್ದರೆ 1ಸಿ2 ಎಂದು ಬೇರೆ ಬೇರೆ ಖಾನೆಗಳೇ ಇವೆ. ಆಪರೇಷನ್ನಷ್ಟಕ್ಕೇ ಮುಗಿಯಬಹುದಾಗಿದ್ದವಳಿಗೆ ಆಮೇಲೆ ಕೀಮೋ ಬೇಕಾಗಬಹುದು.

ಅರಕೇರಿಯ ನಮ್ಮಾಕೆಗೆ ಆ ಭಯವಿಲ್ಲ, ಯಾಕೆಂದರೆ ಸೋರಬೇಕಾದ್ದು ಈಗಾಗಲೇ ಸೋರಿಹೋಗಿದೆ. ಹೊಟ್ಟೆಯ ನೀರು ಅದರದೇ ಗುರುತು. ಸಿ.ಟಿ. ಸ್ಕ್ಯಾನಿನಲ್ಲಿ ಕರುಳಿನ ಮುಂದಿನ ಕೊಬ್ಬಿನ ಪದರವೂ ಗಟ್ಟಿಯಾಗಿ ಕಾಣುತ್ತಿದೆ. ಇಂಥ ಹೊಟ್ಟೆಯನ್ನು ಕೂಡಲೇ ಕೊಯ್ದರೆ ಎಲ್ಲವನ್ನೂ ತೆಗೆಯಲಾಗದು. ಮೊದಲು ಕೀಮೋ ಕೊಟ್ಟು ಕುಗ್ಗಿಸಬೇಕು. ಆದರೆ ಕ್ಯಾನ್ಸರ್ ಎಂಬ ಪುರಾವೆಯಿಲ್ಲದೆ ಕೀಮೋ ಕೊಡುವಂತಿಲ್ಲ. ಆ ಪುರಾವೆಗಾಗಿ ಸೂಜಿ.

ಸೋನೋಗ್ರಾಫಿ ಕೋಣೆ ತಂಪಾಗಿದೆ, ಅರೆಗತ್ತಲು. ಆಕೆ ಮಲಗಿ ಸೀರೆ ಸರಿಸಿದಾಗ ಹೊಟ್ಟೆಯ ಬಿಗಿದ ಚರ್ಮದ ಮೇಲೆ, ಹೊಕ್ಕುಳ ಸುತ್ತ, ಭಂಡಾರದ ಹಳದಿ ಇನ್ನೂ ಉಳಿದಿತ್ತು. ಸಿಸ್ಟರ್ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರು, ಹತ್ತಿ ಹಳದಿಯಾಯಿತು. ‘ದೇವರ ಭಂಡಾರ ಐತ್ರಿ ಬಾಯಾರ, ತುಳಿಯೂ ಕಡೆ ಒಗಿಬ್ಯಾಡ್ರಿ’ ಎಂದು ಆಕೆ ಹೇಳುವುದರೊಳಗೆ ಸಿಸ್ಟರ್ ಇನ್ನೊಂದು ಉಂಡೆ ತೆಗೆದುಕೊಂಡು, ಮೊದಲನೆಯದನ್ನು ಮೇಜಿನ ಮೇಲಿನ ಒಂದು ಖಾಲಿ ಬಟ್ಟಲಿಗೆ ಹಾಕಿದ್ದರು. ಕಸದ ಚೀಲಕ್ಕೆ ಹಾಕಲಿಲ್ಲ.

ಸೂಜಿ 22 ಗೇಜಿನದು, ಮುಕ್ಕಾಲು ಮಿಲಿಮೀಟರಿಗಿಂತ ತುಸು ತೆಳುವು, ಬೆನ್ನಿಗೆ ಅರಿವಳಿಕೆ ಕೊಡುವ ಸೂಜಿಯಷ್ಟು ಉದ್ದ. ಮೊದಲು ನೀರು. ದೊಡ್ಡ ಸಿರಿಂಜಿನಲ್ಲಿ ಮಸಕು ಕೆಂಪಿನ ದ್ರವ ತುಂಬಿತು. ಆಮೇಲೆ ಗಡ್ಡೆಯ ಗಟ್ಟಿ ಭಾಗ. ಪರದೆಯ ಮೇಲೆ ಬೂದು ಮೋಡಗಳ ನಡುವೆ ಒಂದು ಬಿಳಿ ಗೆರೆ ಓರೆಯಾಗಿ ಇಳಿದು ನಿಂತಿತು. ಸೂಜಿಯ ತುದಿ ಕಾಣದೆ ಎಳೆಯಬಾರದು. ನೀರಿನ ಕೋಣೆಗೆ ಬಿದ್ದ ಸೂಜಿಗೆ ನೀರೇ ಬರುತ್ತದೆ, ಸತ್ತ ಭಾಗಕ್ಕೆ ಬಿದ್ದರೆ ಕಸವೇ ಬರುತ್ತದೆ. ಪರದೆ ನೋಡುತ್ತಿರುವವರು ಗಟ್ಟಿ ಭಾಗವನ್ನು ಆರಿಸಿ ತೋರಿಸಬೇಕು, ಚುಚ್ಚುವವರು ಅಲ್ಲಿಗೇ ಹೋಗಬೇಕು. ನಿಖರತೆ ಎಂದು ನಾವು ಕರೆಯುವ ಸಂಗತಿ ಅರ್ಧಕ್ಕರ್ಧ ಇಲ್ಲಿಯೇ, ಸೂಕ್ಷ್ಮದರ್ಶಕಕ್ಕಿಂತ ಬಹಳ ಮೊದಲೇ, ತೀರ್ಮಾನವಾಗಿಬಿಡುತ್ತದೆ.

ಪೆಥಾಲಜಿಯ ಹುಡುಗಿ ಪಕ್ಕದಲ್ಲೇ ನಿಂತಿದ್ದಾಳೆ. ಸೂಜಿಯೊಳಗಿನದನ್ನು ಗಾಜಿನ ಪಟ್ಟಿಯ ಮೇಲೆ ಹನಿಸಿ, ಇನ್ನೊಂದು ಪಟ್ಟಿಯಿಂದ ಒಂದೇ ಎಳೆತಕ್ಕೆ ಹರಡಿದಳು. ಅರ್ಧ ಪಟ್ಟಿಗಳು ಆಲ್ಕೋಹಾಲಿನ ಜಾಡಿಗೆ ಹೋದವು, ಅವು ಪ್ಯಾಪ್ ಬಣ್ಣಕ್ಕೆ. ಉಳಿದವು ಗಾಳಿಗೆ ಒಣಗಿದವು, ಅವು ಗೀಮ್ಸಾ ಬಣ್ಣಕ್ಕೆ. ಆಲ್ಕೋಹಾಲಿಗೆ ಹೋಗುವುದನ್ನು ಒಂದು ಗಳಿಗೆ ತಡಮಾಡಿದರೂ ಜೀವಕೋಶ ಒಣಗಿ ಉಬ್ಬಿ ಓದಲು ಬಾರದಂತಾಗುತ್ತದೆ.

ಮರುದಿನ ಮಧ್ಯಾಹ್ನ ಆ ಪಟ್ಟಿ ಸೂಕ್ಷ್ಮದರ್ಶಕದ ಕೆಳಗಿದೆ. ಒಂದೊಂದು ಗಡ್ಡೆಗೆ ಒಂದೊಂದು ಚಹರೆ. ಹದಿಹರೆಯದ ಹುಡುಗಿಯರಲ್ಲಿ ಬರುವ ಡಿಸ್‌ಜರ್ಮಿನೋಮಾ ಆದರೆ ಗೀಮ್ಸಾದಲ್ಲಿ ಹಿನ್ನೆಲೆಯೆಲ್ಲ ಹುಲಿಪಟ್ಟೆ. ಗ್ರಾನ್ಯುಲೋಸಾ ಗಡ್ಡೆಯಾದರೆ ಕೋಶಕೇಂದ್ರದ ನಡುವೆ ಕಾಫಿಬೀಜದ ಸೀಳು. ಡರ್ಮಾಯ್ಡ್ ಆದರೆ ಬೆಣ್ಣೆಯಂಥ ಜಿಡ್ಡು, ಚರ್ಮದ ಸತ್ತ ಹೊರಪದರ, ಒಮ್ಮೊಮ್ಮೆ ಕೂದಲು ಕೂಡ. ನಮ್ಮಾಕೆಯ ಪಟ್ಟಿಯಲ್ಲಿ ಕಂಡದ್ದು ಬೇರೆ. ಒಂದರ ಮೇಲೊಂದು ಬಿದ್ದ ಕೋಶಗಳ ಗುಂಪುಗಳು, ಹೂವಿನ ತೊಟ್ಟಿನಂತೆ ಕವಲೊಡೆದವು. ಕೇಂದ್ರಗಳು ಒಂದರ ಹಾಗೆ ಒಂದಿಲ್ಲ, ಕಡುನೀಲಿ, ನಡುವೆ ದಪ್ಪ ಚುಕ್ಕೆ. ಮೂಲೆಯಲ್ಲಿ ಉಂಗುರ ಉಂಗುರವಾಗಿ ಸುಣ್ಣಗಟ್ಟಿದ ಒಂದು ಮರಳಕಣ. ಪೆಥಾಲಜಿಯ ಮೇಡಂ ಕಣ್ಣು ಎತ್ತದೆಯೇ, ‘ಸೀರಸ್. ಹೈ ಗ್ರೇಡ್’ ಅಂದರು. ಎದುರಿನ ಕಣ್ಣಕೊಳವೆಯಲ್ಲಿ ವಿದ್ಯಾರ್ಥಿ ಇನ್ನೂ ಹುಡುಕುತ್ತಲೇ ಇದ್ದ.

ಹಾಗಾದರೆ ಸೂಜಿ ಎಷ್ಟು ಸರಿ? ಪ್ರಬಂಧಗಳನ್ನು ಓದಿದವರಿಗೆ ಗೊತ್ತು, ಅಂಕಿಗಳು ಒಂದಕ್ಕೊಂದು ಕೂಡುವುದಿಲ್ಲ. ಒಂದರಲ್ಲಿ ತೊಂಬತ್ತರ ಮೇಲೆ, ಇನ್ನೊಂದರಲ್ಲಿ ಅರ್ಧಕ್ಕೂ ಕಡಿಮೆ. ನೀರುಚೀಲದ ದ್ರವದಲ್ಲಿ ಕ್ಯಾನ್ಸರನ್ನು ಹಿಡಿಯುವ ಶಕ್ತಿ ಶೇ 25ರಿಂದ ಶೇ 82ರವರೆಗೆ ಎಂದು ಅಮೆರಿಕದ ಪ್ರಸೂತಿತಜ್ಞರ ಕಾಲೇಜು ತನ್ನ ಮಾರ್ಗಸೂಚಿಯಲ್ಲಿ ಹೇಳುತ್ತದೆ. ಇಷ್ಟು ಅಗಲದ ಅಂಕಿಯನ್ನು ನನ್ನ ಮಟ್ಟಿಗೆ ಅಂಕಿ ಎನ್ನಲಾರೆ. ಗಟ್ಟಿ ಗಡ್ಡೆಗಳ ವರದಿಗಳು ಇದಕ್ಕಿಂತ ಬಹಳ ಮೇಲು.

ಆ ಹೆಚ್ಚಿನ ಅಂಕಿಗಳನ್ನು ಓದುವಾಗ ಒಂದು ವಾಕ್ಯವನ್ನು ಹುಡುಕಬೇಕು, ಅದು ಸಾಮಾನ್ಯವಾಗಿ ‘ವಿಧಾನ’ ಎಂಬ ಭಾಗದಲ್ಲಿ ಅಡಗಿರುತ್ತದೆ. ಸೂಜಿ ಹಾಕಿದ್ದು ಯಾವಾಗ? ಎಷ್ಟೋ ಅಧ್ಯಯನಗಳಲ್ಲಿ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ, ಅದು ಸ್ಟೀಲಿನ ಟ್ರೇಯಲ್ಲಿ ಬಂದು ಕೂತ ಮೇಲೆ, ಅದಕ್ಕೆ ಸೂಜಿ ಹಾಕಿರುತ್ತಾರೆ. ತಪ್ಪೇನಿಲ್ಲ, ರೋಗಿಗೆ ಅಪಾಯವಿಲ್ಲದ ಜಾಣ ದಾರಿಯದು. ವಿದ್ಯಾರ್ಥಿಗೆ ಕೋಶಗಳ ಚಹರೆ ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಟ್ರೇಯಲ್ಲಿನ ಗಡ್ಡೆ ಉಸಿರಾಡುವುದಿಲ್ಲ, ನಡುವೆ ಕರುಳು ಬರುವುದಿಲ್ಲ, ಬೇಕಾದ ಕಡೆ ಬೇಕಾದಷ್ಟು ಸಲ ಚುಚ್ಚಬಹುದು. ಅಲ್ಲಿ ಬಂದ ತೊಂಬತ್ತೈದನ್ನು ಹಾಸಿಗೆಯ ಮೇಲೆ ಮಲಗಿದವಳ ಹೊಟ್ಟೆಗೆ ಅನ್ವಯಿಸುವುದು ಯಾವ ನ್ಯಾಯ? ಇನ್ನೊಂದು, ‘ಕೋಶಗಳು ಸಾಲದು’ ಎಂಬ ಪಟ್ಟಿಗಳನ್ನು ಕೆಲವರು ಲೆಕ್ಕದಿಂದಲೇ ಕೈಬಿಡುತ್ತಾರೆ. ಕೈಬಿಟ್ಟ ಪಟ್ಟಿಗಳ ಹಿಂದೆಯೂ ಹೆಂಗಸರಿದ್ದಾರೆ.

ಅಂಕಿ ಒಂದೇ ಇದ್ದರೂ ಅರ್ಥ ಒಂದೇ ಇರುವುದಿಲ್ಲ. ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಸೂಜಿ ನೂರು ಕ್ಯಾನ್ಸರುಗಳಲ್ಲಿ 90 ಹಿಡಿಯುತ್ತದೆ, ನೂರು ಸಾಧಾರಣ ಗಡ್ಡೆಗಳಲ್ಲಿ 5ನ್ನು ತಪ್ಪಾಗಿ ಕ್ಯಾನ್ಸರ್ ಎನ್ನುತ್ತದೆ ಎಂದುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಬಂದ ಅನುಮಾನದ ನೂರು ಗಡ್ಡೆಗಳಲ್ಲಿ ಅರ್ಧ ಕ್ಯಾನ್ಸರಿದ್ದರೆ 45 ಸಿಗುತ್ತವೆ, 5 ತಪ್ಪುತ್ತವೆ, ಸುಳ್ಳು ಎಚ್ಚರಿಕೆ ಎರಡೋ ಮೂರೋ. ಅದೇ ಸೂಜಿಯನ್ನು ಊರೂರ ಶಿಬಿರದಲ್ಲಿ ಸಿಕ್ಕ ಸಾವಿರ ಸಣ್ಣ ಗಂಟುಗಳಿಗೆ ಹಾಕಿದರೆ, ಅವುಗಳಲ್ಲಿ ಹತ್ತೇ ಕ್ಯಾನ್ಸರಿದ್ದರೆ, 9 ನಿಜವಾದ ಉತ್ತರಗಳ ಜೊತೆ ಸುಮಾರು 50 ಸುಳ್ಳು ಭಯಗಳು. ಸೂಜಿ ಬದಲಾಗಲಿಲ್ಲ, ಓದುವ ಕಣ್ಣೂ ಬದಲಾಗಲಿಲ್ಲ. ಚುಚ್ಚಿಸಿಕೊಂಡವರು ಬದಲಾದರು.

ಹೊರಗೆ ಬೆಂಚಿನ ಮೇಲೆ ಇನ್ನೊಬ್ಬಾಕೆ ಕೂತಿದ್ದಾಳೆ, ಬಬಲೇಶ್ವರದ ಕಡೆಯ ಸೊಸೆ, ಮೂವತ್ತರ ಆಸುಪಾಸು, ಜೊತೆಗೆ ಅತ್ತೆ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲಿ 6 ಸೆಂ.ಮೀ. ನೀರಿನ ಚೀಲ ಕಂಡಿದೆ. ತೆಳು ಗೋಡೆ, ಒಳಗೆ ತಿಳಿನೀರು, ಗಟ್ಟಿ ಭಾಗವಿಲ್ಲ.

‘ನೀರ ಇದ್ರ ಸೂಜಿಲೆ ತಗದ ಬಿಡ್ರಲ್ರಿ. ಕೊಯ್ಯೂದ್ಯಾಕ?’ ಅತ್ತೆ ಕೇಳಿದರು.

‘ಕೊಯ್ಯೂದೂ ಬ್ಯಾಡ, ತಗಿಯೂದೂ ಬ್ಯಾಡ ಅಮ್ಮಾರ. ಎರಡು ಮೂರು ಸಲ ಮುಟ್ಟಾಗಲಿ, ಮತ್ತ ನೋಡೋಣು.’

ಅತ್ತೆಗೆ ಸಮಾಧಾನವಾಗಲಿಲ್ಲ. ಇಷ್ಟು ದೂರ ಬಂದು ಒಂದು ಇಂಜೆಕ್ಷನ್ನೂ ಇಲ್ಲದೆ ಹಿಂದಿರುಗುವುದೇ? ಆದರೆ ಆ ವಯಸ್ಸಿನ ಇಂಥ ಚೀಲಗಳಲ್ಲಿ ಬಹಳಷ್ಟು ಮುಟ್ಟಿನ ಚಕ್ರದ ಜೊತೆ ತಾವಾಗಿಯೇ ಕರಗುತ್ತವೆ. ನೀರು ಎಳೆದರೆ ಎಷ್ಟೋ ಸಲ ಮತ್ತೆ ತುಂಬಿಕೊಳ್ಳುತ್ತವೆ. ಎಳೆದ ನೀರನ್ನು ಲ್ಯಾಬಿಗೆ ಕಳಿಸಿದರೆ ಸಿಗುವುದು ಬಹಳ ಸಲ ಕಸಗುಡಿಸುವ ಮ್ಯಾಕ್ರೋಫೇಜ್ ಕೋಶಗಳು ಮಾತ್ರ. ಚೀಲದ ಗೋಡೆಗೆ ಅಂಟಿದ ಕೋಶಗಳು ನೀರಿಗೆ ಉದುರಿಯೇ ಇರುವುದಿಲ್ಲ. ಅಂಥ ವರದಿಯಲ್ಲಿ ‘ಕ್ಯಾನ್ಸರ್ ಕೋಶಗಳಿಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅದನ್ನು ‘ಕ್ಯಾನ್ಸರ್ ಇಲ್ಲ’ ಎಂದು ಓದಿಕೊಂಡು ಮನೆಗೆ ಹೋದರೆ ಅಪಾಯ. ಲೋಳೆ ತುಂಬಿದ ಮ್ಯೂಸಿನಸ್ ಗಡ್ಡೆಗಳಲ್ಲಂತೂ ಒಂದು ಕೋಣೆ ಸಾಧಾರಣ, ಪಕ್ಕದ್ದು ಎಡಬಿಡಂಗಿ, ಮೂರನೆಯದು ಪೂರ್ತಿ ಕ್ಯಾನ್ಸರ್ ಆಗಿರಬಹುದು. ಹತ್ತು ಕೋಣೆಯ ವಾಡೆಯಲ್ಲಿ ಒಂದು ಕಿಟಕಿಗೆ ಇಣುಕಿ ಮನೆಯಲ್ಲಿ ಯಾರೂ ಇಲ್ಲ ಎಂದರೆ ಹೇಗೋ ಹಾಗೆ. ಆ ಎಡಬಿಡಂಗಿ ಜಾತಿಯನ್ನು, ಡಾಕ್ಟರರು ಬಾರ್ಡರ್‌ಲೈನ್ ಎನ್ನುವುದನ್ನು, ಸೂಜಿ ಖಚಿತವಾಗಿ ಹೇಳಲಾರದು. ಕೋಶ ಕೆಳಗಿನ ಅಂಗಾಂಶಕ್ಕೆ ನುಗ್ಗಿದೆಯೋ ಇಲ್ಲವೋ ಎಂಬುದರ ಮೇಲೆ ಆ ತೀರ್ಮಾನ ನಿಂತಿದೆ, ಬಿಡಿಬಿಡಿಯಾಗಿ ಬಂದ ಕೋಶಗಳಲ್ಲಿ ಆ ನೆರೆಹೊರೆಯೇ ಕಾಣುವುದಿಲ್ಲ.

ಆದ್ದರಿಂದ ಅನುಭವಿಗಳು ಸೂಜಿಯ ‘ಹೌದು’ಗೆ ಬೆಲೆ ಕೊಡುತ್ತಾರೆ, ‘ಇಲ್ಲ’ಕ್ಕೆ ಕೊಡುವುದಿಲ್ಲ. ಮತ್ತು ‘ಹೌದು’ ಎಂದರೂ ‘ಇಲ್ಲ’ ಎಂದರೂ ಗಡ್ಡೆಯನ್ನು ಹೇಗೂ ಇಡಿಯಾಗಿ ತೆಗೆಯಲೇಬೇಕು ಎಂಬಲ್ಲಿ ಅವರು ಸೂಜಿಯನ್ನೇ ಎತ್ತುವುದಿಲ್ಲ.

ಎತ್ತಲೇಬೇಕಾದ ಇನ್ನೊಂದು ಜಾಗವಿದೆ, ಅದು ನಮ್ಮ ನಾಡಿನದೇ. ಇಪ್ಪತ್ತರ ಹುಡುಗಿ, ಸಂಜೆ ಜ್ವರ, ತೂಕ ಇಳಿದಿದೆ, ಹೊಟ್ಟೆಯಲ್ಲಿ ನೀರು, ಅಂಡಾಶಯದ ಪಕ್ಕ ಗಂಟು, ಸಿಎ-125 ನಾನೂರು. ಚೀಟಿ ಓದಿದರೆ ಕ್ಯಾನ್ಸರೇ. ಆದರೆ ಹೊಟ್ಟೆಯ ಟಿಬಿ ಕೂಡ ಇದೇ ವೇಷದಲ್ಲಿ ಬರುತ್ತದೆ, ಸಿಎ-125 ಅದರಲ್ಲೂ ಏರುತ್ತದೆ. ನೀರು ತೆಗೆದು ನೋಡಿದರೆ ತುಂಬ ಲಿಂಫೋಸೈಟ್‌ಗಳು, ಎಡಿಎ ಎಂಬ ಅಂಕಿ ಏರಿದೆ, ಕ್ಯಾನ್ಸರಿನ ಒಂದು ಕೋಶವಿಲ್ಲ. ದುರ್ಬೀನಿನಿಂದ ಒಂದು ಚೂರು ತೆಗೆದು ಖಾತ್ರಿ ಮಾಡಿಕೊಂಡರೆ ಆರು ತಿಂಗಳ ಸರಕಾರಿ ಗುಳಿಗೆಯಲ್ಲಿ ಮುಗಿಯುವ ಕಾಯಿಲೆ. ಅವಸರಪಟ್ಟು ಹೊಟ್ಟೆ ಕೊಯ್ದು ಎರಡೂ ಅಂಡಾಶಯ ಕಳೆದುಕೊಂಡ ಕತೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಅರಕೇರಿಯ ನಮ್ಮಾಕೆಯ ಮಗ ಮೂರನೆಯ ದಿನ ವರದಿ ಹಿಡಿದು ಬಾಯಾರ ಎದುರು ನಿಂತ. ತಾಯಿಯನ್ನು ಹೊರಗೆ ಕೂರಿಸಿ ಬಂದಿದ್ದ.

‘ಇದು ಎಷ್ಟು ಪರ್ಸೆಂಟ್ ಖಾತ್ರಿ ಐತ್ರಿ?’

ಬಾಯಾರು ಅಂಕಿ ಹೇಳಲಿಲ್ಲ. ಸ್ಕ್ಯಾನು ಒಂದು ಮಾತು ಹೇಳಿದೆ, ರಕ್ತ ಒಂದು ಹೇಳಿದೆ, ಈಗ ಸೂಜಿಯೂ ಅದನ್ನೇ ಹೇಳಿದೆ ಎಂದರು. ಮೂರೂ ಒಂದೇ ಹಾದಿ ತೋರಿಸುತ್ತಿವೆ. ಒಂದೇ ಒಂದು ಅನುಮಾನ ಉಳಿದಿದೆ, ಜಠರದ ಅಥವಾ ಕರುಳಿನ ಕ್ಯಾನ್ಸರ್ ಅಂಡಾಶಯಕ್ಕೆ ಬಂದು ಕೂತಿರುವುದೂ ಉಂಟು. 1896ರಲ್ಲಿ ಜರ್ಮನಿಯ ಕ್ರೂಕೆನ್‌ಬರ್ಗ್ ಮೊದಲು ವಿವರಿಸಿದ ಗಡ್ಡೆ ಅಂಥದ್ದೇ, ಅದು ಮೂಲತಃ ಅಂಡಾಶಯದ್ದು ಎಂದೇ ಅವನು ನಂಬಿದ್ದ. ಅದಕ್ಕೆ ಸಿಇಎ ಎಂಬ ಇನ್ನೊಂದು ರಕ್ತಪರೀಕ್ಷೆ. ಸಿಎ-125 ಅದರ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚಿದ್ದರೆ ಅಂಡಾಶಯದ್ದೇ ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ತುಸು ದಪ್ಪ ಸೂಜಿಯಿಂದ ತೆಗೆದ ತುಣುಕು ಇದ್ದರೆ ಇನ್ನೂ ಒಳ್ಳೆಯದು, ಈಗಿನ ಪದ್ಧತಿ ಅದನ್ನೇ ಮೊದಲು ಕೇಳುತ್ತದೆ. ರೋಗಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲದಿದ್ದಾಗ ಹೊಟ್ಟೆಯ ನೀರನ್ನೇ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳಕ್ಕೆ ಕೂತದ್ದನ್ನು ಮೇಣದಲ್ಲಿ ಹುಗಿದು ಸೆಲ್ ಬ್ಲಾಕ್ ಮಾಡಿ, ಡಬ್ಲ್ಯೂಟಿ1, ಪ್ಯಾಕ್ಸ್8 ಮೊದಲಾದ ಬಣ್ಣಪರೀಕ್ಷೆಗಳಿಗೆ ಬಳಸುತ್ತಾರೆ. ಆಕೆಯದು ಬ್ಲಾಕ್ ಆಗಿದೆ.

‘ಹುಬ್ಬಳ್ಳಿಗೆ ಒಯ್ಯತೀರೇನು, ಬೆಂಗಳೂರ ಕಿದ್ವಾಯಿಗೆ ಒಯ್ಯತೀರೇನು, ಇಲ್ಲೇ ಮಾಡಸ್ತೀರೇನು, ನಿಮ್ಮ ಮರ್ಜಿ. ಎಲ್ಲೇ ಹೋದ್ರೂ ಮೂರು ವಾರಕ್ಕೊಮ್ಮೆ ಕೀಮೋ, ಮೂರು ಸಲ ಆದಮ್ಯಾಗ ಆಪರೇಷನ್. ಆದ್ರ ಬರೇ ರಿಪೋರ್ಟ್ ಕಾಗದ ಒಯ್ಯಬ್ಯಾಡ್ರಿ. ಸ್ಲೈಡೂ ಒಯ್ರಿ, ಬ್ಲಾಕೂ ಒಯ್ರಿ. ಅವರೂ ನೋಡತಾರ.’

ಮಗ ಲ್ಯಾಬಿನ ಕಿಟಕಿಗೆ ಹೋದ. ತಂತ್ರಜ್ಞ ಉದ್ದನೆಯ ರಿಜಿಸ್ಟರು ತೆಗೆದು, ನಂಬರು ಹುಡುಕಿ, ನಾಲ್ಕು ಗಾಜಿನ ಪಟ್ಟಿಗಳನ್ನು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಕೂರಿಸಿ, ಮೇಣದ ತುಂಡನ್ನು ಬೇರೆ ಪೊಟ್ಟಣದಲ್ಲಿ ಹಾಕಿಕೊಟ್ಟ. ‘ಬ್ಲಾಕ್ ಬಿಸಿಲಾಗ ಇಡಬ್ಯಾಡ್ರಿ, ಕರಗತೈತಿ. ಕೆಲಸ ಮುಗದಮ್ಯಾಗ ತಂದು ಕೊಡ್ರಿ’ ಎಂದು ಹೇಳಿ, ಸಹಿ ಮಾಡುವ ಜಾಗ ತೋರಿಸಿದ.